ಬೆಳಗಾವಿಯಲ್ಲಿ ಸೂರಿಲ್ಲದವರು ಎಷ್ಟು ಮಂದಿ? ದಾಖಲೆ ಇದೆ, ಕೂಡಿಸಿ ಓದುವವರಿಲ್ಲ

ಮಲಪ್ರಭಾ (ಬೆಳಗಾವಿ)

ಸೂರಿಲ್ಲದವರ ರಾತ್ರಿ ತಂಗುದಾಣಗಳ ಬಗ್ಗೆ ಪಾಲಿಕೆಗೆ ಮನವಿ ಕೊಡಬೇಕು ಅಂತ ನಮ್ಮ ಬಡಾವಣೆಯ ಕೆಲವರು ಸೇರಿ ಮಾತಾಡುತ್ತಿದ್ದೇವೆ. ಮನವಿಯ ಎರಡನೇ ಸಾಲಿಗೇ ಪೆನ್ನು ನಿಂತಿದೆ. ಎಷ್ಟು ಜನರಿಗೆ ಜಾಗ ಬೇಕು, ಊರಿನ ಯಾವ ಭಾಗದಲ್ಲಿ ಬೇಕು ಅಂತ ಬರೆಯಲು ನಮ್ಮ ಕೈಯಲ್ಲಿ ಅಂಕಿ ಇಲ್ಲ. ಅದಕ್ಕೇ ಈ ಚರ್ಚೆ.

ಸಿಗುವ ಅಳತೆ ಒಂದೇ. ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ 2013ರ ಮಾರ್ಗಸೂಚಿಯಂತೆ ಪ್ರತಿ ಒಂದು ಲಕ್ಷ ನಗರ ಜನಸಂಖ್ಯೆಗೆ ಕನಿಷ್ಠ 100 ಮಂದಿ ತಂಗುವಷ್ಟು ಕಾಯಂ ವ್ಯವಸ್ಥೆ ಇರಬೇಕು, ಒಬ್ಬರಿಗೆ ಕನಿಷ್ಠ 50 ಚದರ ಅಡಿ ಜಾಗ ಬೇಕು. 2011ರಲ್ಲಿ ಬೆಳಗಾವಿ ನಗರದ ಜನಸಂಖ್ಯೆ ಸುಮಾರು 4.9 ಲಕ್ಷ. ಆಗಿನ ಲೆಕ್ಕಕ್ಕೇ 490 ಮಂದಿಗೆ ಜಾಗ ಆಗಬೇಕಿತ್ತು. ಆದರೆ ಇದು ಊರಿನ ಗಾತ್ರ ನೋಡಿ ಮಾಡಿದ ಗುಣಾಕಾರ. ಬಯಲಲ್ಲಿ ಮಲಗುವವರು ಹೆಂಗಸರೋ ಗಂಡಸರೋ, ಮಕ್ಕಳ ಜೊತೆಗಿದ್ದಾರೋ, ಕಾಯಿಲೆ ಬಿದ್ದವರೋ, ದುಡಿಯಲು ಬಂದವರೋ, ಇದ್ಯಾವುದೂ ಅದರಲ್ಲಿ ಬರುವುದಿಲ್ಲ.

ಇನ್ನು ಜನಗಣತಿ. 2011ರ ಫೆಬ್ರವರಿ 28ರ ರಾತ್ರಿ ದೇಶದಾದ್ಯಂತ ರಸ್ತೆ ಬದಿ, ಪ್ಲಾಟ್‌ಫಾರ್ಮ್, ಗುಡಿಯ ಕಟ್ಟೆ, ಸೇತುವೆ ಕೆಳಗೆ ಮಲಗಿದವರನ್ನು ಎಣಿಸಿದರು. ಸಿಕ್ಕಿದ್ದು 17.7 ಲಕ್ಷ ಜನ. ಅದು ಒಂದು ರಾತ್ರಿಯ ಲೆಕ್ಕ. ಆ ರಾತ್ರಿ ಆಸ್ಪತ್ರೆಯಲ್ಲಿದ್ದವನು, ಲಾಕಪ್ಪಿನಲ್ಲಿದ್ದವನು, ನೆಂಟರ ಮನೆ ಪಡಸಾಲೆಯಲ್ಲಿ ಮಲಗಿದ್ದವನು ಅದರಲ್ಲಿ ಬರಲಿಲ್ಲ. 2025ರ ಸೆಪ್ಟೆಂಬರ್ 22ರಿಂದ ನಮ್ಮ ರಾಜ್ಯದಲ್ಲಿ ನಡೆದ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆ ನೆನಪಿರಬಹುದು. ವಿದ್ಯುತ್ ಮೀಟರಿನ ಆರ್‌ಆರ್ ಸಂಖ್ಯೆ ಹಿಡಿದು ಮನೆಗಳನ್ನು ಗುರುತಿಸಿ ಬಾಗಿಲಿಗೆ ಚೀಟಿ ಅಂಟಿಸಿದರು. ಮನೆಗಳನ್ನು ಹುಡುಕಲು ಒಳ್ಳೆಯ ದಾರಿ. ಆದರೆ ಚೀಟಿ ಅಂಟಿಸಲು ಬಾಗಿಲೇ ಇಲ್ಲದವರ ಲೆಕ್ಕ ಆ ದಾರಿಯಲ್ಲಿ ಸಿಗುವುದಿಲ್ಲ. ಸವಲತ್ತುಗಳಿಗಾಗಿ ಕುಟುಂಬಗಳ ವಿವರ ಇಡುವ ರಾಜ್ಯದ ‘ಕುಟುಂಬ’ ತಂತ್ರಾಂಶದ ಬುನಾದಿಯೂ ರೇಷನ್ ಕಾರ್ಡು. ಕಾರ್ಡಿಗೆ ವಿಳಾಸ ಬೇಕು.

ಹಾಗಂತ ಇವರು ಸರಕಾರದ ದಾಖಲೆಯಲ್ಲೇ ಇಲ್ಲ ಅಂದರೆ ನಾನು ಒಪ್ಪುವುದಿಲ್ಲ. ಮನೆ ಇರುವ ನಮಗಿಂತ ಹೆಚ್ಚು ಕಚೇರಿಗಳಲ್ಲಿ ಇವರ ಹೆಸರಿರುತ್ತದೆ. ಸರಕಾರಿ ಆಸ್ಪತ್ರೆಯ ಒಳರೋಗಿ ಪುಸ್ತಕ, ಠಾಣೆಯ ಯುಡಿಆರ್ (ಅಸ್ವಾಭಾವಿಕ ಮರಣ ವರದಿ) ಕಡತ, ಕಾರಾಗೃಹದ ಬಿಡುಗಡೆ ದಾಖಲೆ, ತಂಗುದಾಣದ ಹಾಜರಿ, ನಿರಾಶ್ರಿತರ ಪರಿಹಾರ ಕೇಂದ್ರದ ದಾಖಲಾತಿ, 18 ತುಂಬಿ ಬಾಲಮಂದಿರದಿಂದ ಹೊರಬಿದ್ದ ಮಕ್ಕಳ ಕಡತ. ಒಬ್ಬನೇ ಮನುಷ್ಯ ಒಂದೇ ವರ್ಷದಲ್ಲಿ ಇವುಗಳ ಪೈಕಿ ಮೂರರಲ್ಲಿ ಇರಬಹುದು. ಆಸ್ಪತ್ರೆಗೆ ಅವನು ಕಾಲು ಕೊಳೆತ ರೋಗಿ, ಠಾಣೆಗೆ ಕುಡಿದು ಬಿದ್ದು ಸತ್ತವನು, ತಂಗುದಾಣಕ್ಕೆ ಹಾಸಿಗೆ ಸಂಖ್ಯೆ. ಮೂವರೂ ಒಬ್ಬನೇ ಅಂತ ಯಾರಿಗೂ ಗೊತ್ತಿಲ್ಲ.

ಹೀಗೆ ಕೂಡಿಸಿ ಓದಿದ ಕಡೆ ಏನಾಯಿತು ಅನ್ನುವುದಕ್ಕೆ ಎರಡು ಉದಾಹರಣೆ ಕೊಡುತ್ತೇನೆ.

ನ್ಯೂಯಾರ್ಕಿನಲ್ಲಿ ತೀವ್ರ ಮಾನಸಿಕ ಕಾಯಿಲೆ ಇದ್ದ, ಮನೆಯಿಲ್ಲದ 4,679 ಮಂದಿಗೆ ಆರೈಕೆ ಸಹಿತ ಮನೆ ಕೊಟ್ಟಿದ್ದರು. ಸಂಶೋಧಕ ಡೆನ್ನಿಸ್ ಕಲ್‌ಹೇನ್ ಮತ್ತು ಸಂಗಡಿಗರು ಇವರ ಹೆಸರುಗಳನ್ನು ತಂಗುದಾಣ, ಆಸ್ಪತ್ರೆ, ಜೈಲುಗಳ ದಾಖಲೆಗಳ ಜೊತೆ ತಾಳೆ ಹಾಕಿ, 2002ರಲ್ಲಿ ಫಲಿತಾಂಶ ಪ್ರಕಟಿಸಿದರು. ಮನೆ ಸಿಗುವ ಮೊದಲು ಒಬ್ಬೊಬ್ಬರ ಮೇಲೆ ಈ ಎಲ್ಲ ಇಲಾಖೆಗಳು ಸೇರಿ ವರ್ಷಕ್ಕೆ 40,451 ಡಾಲರ್ ಖರ್ಚು ಮಾಡುತ್ತಿದ್ದವು. ಮನೆ ಸಿಕ್ಕ ಮೇಲೆ ಅದರಲ್ಲಿ 16,281 ಡಾಲರ್ ಇಳಿಯಿತು. ಮನೆ ಮತ್ತು ಆರೈಕೆಗೆ ತಗಲಿದ್ದು 17,277 ಡಾಲರ್. ಉಳಿತಾಯವಾದದ್ದರಲ್ಲೇ ಹೆಚ್ಚೂಕಡಿಮೆ ಮನೆಯ ವೆಚ್ಚ ಸರಿಹೋಯಿತು. ಒಂದೇ ಇಲಾಖೆಯ ಪುಸ್ತಕ ತೆಗೆದು ನೋಡಿದ್ದರೆ ಇದು ಯಾರಿಗೂ ಕಾಣುತ್ತಿರಲಿಲ್ಲ, ಯಾಕೆಂದರೆ ಖರ್ಚು ಮಾಡುವ ಇಲಾಖೆ ಒಂದು, ಉಳಿತಾಯವಾಗುವ ಇಲಾಖೆ ಇನ್ನೊಂದು.

ಎರಡನೆಯದು ಸ್ಕಾಟ್ಲೆಂಡಿನದು. ಮನೆಯಿಲ್ಲವೆಂದು ಸ್ಥಳೀಯ ಸಂಸ್ಥೆಗೆ ಅರ್ಜಿ ಹಾಕಿದವರ ದಾಖಲೆಯನ್ನು ಆರೋಗ್ಯ ದಾಖಲೆಗಳ ಜೊತೆ ಜೋಡಿಸಿ 2018ರಲ್ಲಿ ಅಲ್ಲಿನ ಸರಕಾರವೇ ವರದಿ ಕೊಟ್ಟಿತು. 2015ರ ಜೂನ್ ಹೊತ್ತಿಗಿದ್ದ ಜನಸಂಖ್ಯೆಯಲ್ಲಿ ಕನಿಷ್ಠ ಶೇ 8ರಷ್ಟು ಮಂದಿ ಜೀವನದಲ್ಲಿ ಒಮ್ಮೆಯಾದರೂ ಆ ಸ್ಥಿತಿ ಕಂಡಿದ್ದರು. ನನಗೆ ಮುಖ್ಯ ಅನಿಸಿದ್ದು ಇನ್ನೊಂದು ಸಂಗತಿ. ಮನೆ ಕಳೆದುಕೊಳ್ಳುವ ಮುಂಚೆಯೇ ಅವರ ಆಸ್ಪತ್ರೆ ಓಡಾಟ ಏರುತ್ತ ಬಂದಿತ್ತು. ಅಂದರೆ ಬೀದಿಗೆ ಬೀಳುವ ಮನುಷ್ಯ ಮೊದಲು ಯಾವುದೋ ಸರಕಾರಿ ಬಾಗಿಲು ತಟ್ಟಿರುತ್ತಾನೆ. ಆ ಬಾಗಿಲು ಯಾವುದು ಅಂತ ಗೊತ್ತಾದರೆ ತಂಗುದಾಣಕ್ಕಿಂತ ಮೊದಲೇ ಮಾಡುವ ಕೆಲಸ ಇದೆ.

ನಮ್ಮ ಜಿಲ್ಲೆಯಲ್ಲಿ ಆ ಬಾಗಿಲು ಯಾವುದು? ಗೊತ್ತಿದ್ದವರು ಬರೆಯಿರಿ.

ವಾರ್ಡ್ ಅಕ್ಕ (ಬೆಳಗಾವಿ)

ಆಸ್ಪತ್ರೆಯೊಂದರಲ್ಲಿ ಸಮಾಜ ಕಾರ್ಯಕರ್ತೆ ಆಗಿ ಕೆಲಸ ಮಾಡ್ತೀನಿ. ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಡಿಸ್ಚಾರ್ಜ್ ದಿನ.

ಕಾಲು ಮುರಿದ ಕೂಲಿಯವನನ್ನು ತಗೊಳ್ಳಿ. ಬಾಡಿಗೆ ಖೋಲಿಯಲ್ಲಿ ಇರ್ತಾನೆ. ಎರಡು ತಿಂಗಳು ದುಡಿಮೆ ಇಲ್ಲ ಅಂದ್ರೆ ಖೋಲಿ ಹೋಗ್ತದೆ. ಆಸ್ಪತ್ರೆಗೆ ಬರುವಾಗ ವಿಳಾಸ ಇದ್ದವನು ಹೊರಗೆ ಹೋಗುವಾಗ ವಿಳಾಸ ಇಲ್ಲದವನಾಗಿರ್ತಾನೆ. ಆದ್ರೆ ನಮ್ಮ ಪುಸ್ತಕದಲ್ಲಿ ವಿಳಾಸ ಬರೆಯೋದು ಒಳಗೆ ಬಂದಾಗ ಮಾತ್ರ. ಹೋಗುವಾಗ ‘ಗುಣಮುಖ’ ಅಂತ ಬರೆದು ಮುಗಿಸ್ತಾರೆ, ಎಲ್ಲಿಗೆ ಹೋದ ಅನ್ನೋ ಕಾಲಮ್ಮೇ ಇಲ್ಲ. ಅದೇ ಮನುಷ್ಯ ಹೊಲಿಗೆ ಕೀವಾಗಿ ಮತ್ತೆ ಬಂದಾಗ ಅವನಿಗೆ ಹೊಸ ಸಂಖ್ಯೆ.

ಮಾನಸಿಕ ಅಸ್ವಸ್ಥರದ್ದು ಇನ್ನೂ ಕಷ್ಟ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 100ನೇ ಕಲಂ ಪ್ರಕಾರ ಬೀದಿಯಲ್ಲಿ ಅಲೆಯುವ, ತನ್ನನ್ನು ತಾನು ನೋಡಿಕೊಳ್ಳಲಾಗದ ಅಸ್ವಸ್ಥರನ್ನು ರಕ್ಷಿಸಿ ಆರೋಗ್ಯ ಕೇಂದ್ರಕ್ಕೆ ತಲುಪಿಸುವ ಹೊಣೆ ಪೊಲೀಸರದ್ದು. ವಸತಿಯಿಲ್ಲದವರಾದರೆ ಸರಕಾರಿ ನೆಲೆಗೆ ಸೇರಿಸಬೇಕು. ತರುವ ಪೊಲೀಸರಿಗೆ ಒಂದು ಕಾಗದ, ನಮಗೊಂದು ಕಾಗದ, ನೆಲೆಗೆ ಇನ್ನೊಂದು. ಮೂರು ಕಾಗದ ಕೂಡಿಸಿದ್ರೆ ‘ಈ ಹೆಣ್ಣುಮಗಳನ್ನು ಎಷ್ಟು ಸಲ ತಂದಿದ್ದೇವೆ, ಎಷ್ಟು ಸಲ ಮತ್ತೆ ಬೀದಿಗೆ ಬಿಟ್ಟಿದ್ದೇವೆ’ ಅಂತ ಕಾಣ್ತದೆ. ಆ ಲೆಕ್ಕ ಒಂದು ಸಲ ಕಣ್ಣಿಗೆ ಬೀಳಬೇಕು ಅಂತ ನನಗೆ ಬಹಳ ಆಸೆ.

ಡೋಣಿ ದಂಡಿ (ವಿಜಯಪುರ)

ನನಗ ಈ ಮಾತು ಓದಿದ್ರ ಅಂಜಿಕಿ ಬರತೈತ್ರಿ. ದಾಖಲೆ ಕೂಡಸ್ತೀವಿ ಅಂದಾಗ ಬಡವರ ಹೆಸರು ಪಟ್ಟಿಯಿಂದ ಹೊರಗ ಹೋಗಿದ್ದ ಹೆಚ್ಚು, ಒಳಗ ಬಂದಿದ್ದು ಕಡಿಮಿ. ತೆಲಂಗಾಣದಾಗ 2016ರಾಗ ಸುಮಾರು 19 ಲಕ್ಷ ರೇಷನ್ ಕಾರ್ಡ್ ರದ್ದಾದವು. ಮನಿಗೆ ಹೋಗಿ ನೋಡಿದ್ದಲ್ಲ, ಕಂಪ್ಯೂಟರಿನಾಗ ತಾಳಿ ಹಾಕಿ ತಗದದ್ದು. 2022ರಾಗ ಸುಪ್ರೀಂ ಕೋರ್ಟ್ ‘ಹೋಗಿ ಕಣ್ಣಾರೆ ಪರಿಶೀಲನೆ ಮಾಡ್ರಿ’ ಅಂತ ಹೇಳಬೇಕಾತು. ಅಷ್ಟ ವರ್ಷ ಅಕ್ಕಿ ಸಿಗದವರ ಹೊಟ್ಟಿಗೆ ಯಾರು ಹೊಣಿ?

ಎರಡನೇದು. ನಮ್ಮ ಕಡೆ ತಾಂಡಾದ ಮಂದಿ ಗೋವಾ, ಮಹಾರಾಷ್ಟ್ರ, ಮಂಗಳೂರು ಕಡೆ ದುಡಿಯಾಕ ಹೋಗ್ತಾರ. ಊರಾಗ ಕಾಗದದ ಮ್ಯಾಲ ಮನಿ ಐತಿ. ದುಡಿಯೂ ಊರಾಗ ತಾಡಪಾಲ ಕಟಗೊಂಡು ರಸ್ತಾ ಬಾಜೂಕ ಮಲಗ್ತಾರ. ದಾಖಲೆ ಕೂಡಿಸಿದ್ರ ಏನ ತೋರಸ್ತೈತಿ? ‘ಇವಗ ಮನಿ ಐತಿ, ಇವ ಸೂರಿಲ್ಲದವ ಅಲ್ಲ’ ಅಂತ ತೋರಸ್ತೈತಿ. ಆಗ ಅಂವಗ ಅಲ್ಲೂ ಇಲ್ಲ, ಇಲ್ಲೂ ಇಲ್ಲ.

ಮತ್ತ ಒಂದ ಮಾತು. ನಮ್ಮ ರಾಜ್ಯದಾಗ 1975ರ ಭಿಕ್ಷಾಟನೆ ನಿಷೇಧ ಕಾಯ್ದೆ ಇನ್ನೂ ಜಾರಿಯೊಳಗ ಐತಿ. ಯಾವ ಕಟ್ಟಿ ಮ್ಯಾಲ ಎಷ್ಟ ಮಂದಿ ಮಲಗ್ತಾರ ಅನ್ನೂ ನಕ್ಷಾ ತಯಾರಾತು ಅಂದ್ರ, ಅದು ಹಾಸಿಗಿ ಕೊಡಾಕ ಬಳಕಿ ಆಗತೈತೋ, ವ್ಯಾನ್ ತಂದು ಹಿಡಕೊಂಡ ಹೋಗಾಕ ಬಳಕಿ ಆಗತೈತೋ? ಇದಕ್ಕ ಉತ್ತರ ಕೊಡ್ರಿ ಮೊದಲ.

ಮಲಪ್ರಭಾ (ಬೆಳಗಾವಿ)

ಡೋಣಿ ದಂಡಿಯವರೇ, ನಿಮ್ಮ ಅಂಜಿಕೆ ನ್ಯಾಯವಾದದ್ದು. ಅದಕ್ಕೆ ಉತ್ತರ ಇಲ್ಲದೆ ಈ ಕೆಲಸ ಶುರುವಾಗಲೇಬಾರದು.

ತೆಲಂಗಾಣದಲ್ಲಿ ಆದದ್ದು ಒಬ್ಬೊಬ್ಬರ ಬಗ್ಗೆ ತೀರ್ಮಾನ ಮಾಡಲು ದಾಖಲೆ ಕೂಡಿಸಿದ್ದು: ಈ ಕಾರ್ಡು ಇರಲಿ, ಆ ಕಾರ್ಡು ಹೋಗಲಿ ಅಂತ. ನಾನು ಕೇಳುತ್ತಿರುವುದು ಊರಿನ ಬಗ್ಗೆ ತೀರ್ಮಾನ ಮಾಡಲು: ಹೆಂಗಸರಿಗೆ ಬೇರೆ ತಂಗುದಾಣ ಬೇಕೇ, ಬಸ್ ನಿಲ್ದಾಣದ ಹತ್ತಿರ ಬೇಕೇ ಆಸ್ಪತ್ರೆ ಹತ್ತಿರ ಬೇಕೇ ಅಂತ. ಕಾನೂನಿನಲ್ಲೂ ಈ ಗೆರೆ ಇದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 17ನೇ ಕಲಂ ಸಂಶೋಧನೆ ಮತ್ತು ಅಂಕಿಅಂಶದ ಕೆಲಸಕ್ಕೆ ವಿನಾಯಿತಿ ಕೊಡುವಾಗ, ಆ ಮಾಹಿತಿಯನ್ನು ಆಯಾ ವ್ಯಕ್ತಿಯ ಕುರಿತ ನಿರ್ಧಾರಕ್ಕೆ ಬಳಸಬಾರದು ಎಂಬ ಷರತ್ತು ಹಾಕಿದೆ. ಗೋಪ್ಯತೆ ಮೂಲಭೂತ ಹಕ್ಕು ಅಂತ ಪುಟ್ಟಸ್ವಾಮಿ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು ತೀರ್ಪು ಬಂದಿದೆ. ಅರ್ಜಿ ಹಾಕಿದ್ದ ಆ ಪುಟ್ಟಸ್ವಾಮಿಯವರು ನಮ್ಮ ಕರ್ನಾಟಕದ ನಿವೃತ್ತ ನ್ಯಾಯಮೂರ್ತಿಗಳಾಗಿದ್ದರು. ಬೀದಿಯಲ್ಲಿ ಮಲಗುವವನಿಗೆ ಆ ಹಕ್ಕು ಒಂದು ತೂಕ ಕಡಿಮೆ ಅಂತ ಎಲ್ಲೂ ಬರೆದಿಲ್ಲ.

ಕೆಲಸದ ಕ್ರಮವೂ ಹಾಗೇ ಇರಬೇಕು. ಹೆಸರು, ವಯಸ್ಸು ತಾಳೆ ಹಾಕುವವರ ಕೈಗೆ ಕಾಯಿಲೆಯ ವಿವರ ಹೋಗಬಾರದು. ಕಾಯಿಲೆಯ ವಿವರ ಓದುವವರಿಗೆ ಹೆಸರು ಕಾಣಬಾರದು, ಬರೀ ಒಂದು ಗುಪ್ತ ಸಂಖ್ಯೆ ಕಾಣಬೇಕು. ವೇಲ್ಸ್‌ನ ಸ್ವಾನ್ಸೀ ವಿಶ್ವವಿದ್ಯಾಲಯದಲ್ಲಿರುವ ‘ಸೇಲ್’ ದತ್ತಾಂಶ ಕೇಂದ್ರ ನಡೆಯುತ್ತಿರುವುದು ಈ ಪದ್ಧತಿಯಲ್ಲೇ. ಹತ್ತಕ್ಕಿಂತ ಕಡಿಮೆ ಇರುವ ಸಂಖ್ಯೆಯನ್ನು ವರದಿಯಲ್ಲಿ ತೋರಿಸಲೇಬಾರದು. ಕಟ್ಟೆಕಟ್ಟೆಯ ನಕ್ಷೆ ಬೇಡ, ವಾರ್ಡ್ ಗುಂಪುಗಳ ಮಟ್ಟದಲ್ಲಿ ಸಾಕು. ಪೊಲೀಸರು ದಾಖಲೆ ಕೊಡುವವರಾಗಬೇಕು, ಜೋಡಿಸಿದ ಕಡತ ಅವರ ಕೈಗೆ ಹಿಂದಿರುಗಬಾರದು.

‘ಕಾಗದದ ಮೇಲೆ ಮನೆ’ ಅನ್ನುವ ನಿಮ್ಮ ಮಾತನ್ನು ಮನವಿಯಲ್ಲಿ ಹಾಗೇ ಹಾಕುತ್ತೇನೆ. ಮಲಗುವ ಜಾಗವನ್ನೇ ವಿಳಾಸ ಅಂತ ಒಪ್ಪುವ ಪದ್ಧತಿ ನಮ್ಮಲ್ಲಿ ಇದೆ. ಸೂರಿಲ್ಲದವರು ಮತದಾರರ ಪಟ್ಟಿಗೆ ಅರ್ಜಿ ಹಾಕಿದರೆ, ಅವರು ಹೇಳಿದ ಜಾಗದಲ್ಲೇ ಮಲಗುತ್ತಾರೋ ಅಂತ ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ರಾತ್ರಿ ಹೋಗಿ ನೋಡಿ ಖಚಿತಪಡಿಸಬೇಕು ಎಂದು ಚುನಾವಣಾ ಆಯೋಗ ಹೇಳಿದೆ. ಮತಕ್ಕೆ ಒಪ್ಪಿದ್ದನ್ನು ಸೂರಿಗೆ ಯಾಕೆ ಒಪ್ಪಬಾರದು?

ಸೆಕ್ಟರ್ ಮಾಸ್ತರ (ಬಾಗಲಕೋಟೆ ನವನಗರ)

ಸಂಖ್ಯಾಶಾಸ್ತ್ರ ಕಲಿಸುವವನು ನಾನು. ಉದ್ದೇಶದ ಮಾತು ಬಹಳ ಆಯಿತು, ಜೋಡಣೆ ನಮ್ಮ ಭಾಗದಲ್ಲಿ ಎಷ್ಟು ಕಷ್ಟ ಅನ್ನುವುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ತಪ್ಪು ಹುಟ್ಟುವುದೇ ಇಲ್ಲಿ.

ಡೆನ್ಮಾರ್ಕಿನಲ್ಲಿ 1968ರಿಂದ ಪ್ರತಿಯೊಬ್ಬರಿಗೂ ಒಂದು ನಾಗರಿಕ ಸಂಖ್ಯೆ ಇದೆ. ಆಸ್ಪತ್ರೆ, ತಂಗುದಾಣ, ಮರಣ ದಾಖಲೆ ಎಲ್ಲದರಲ್ಲೂ ಅದೇ. ಆದ್ದರಿಂದಲೇ ಅಲ್ಲಿ ತಂಗುದಾಣದಲ್ಲಿದ್ದ 15ರಿಂದ 24 ವಯಸ್ಸಿನ ಗಂಡಸರ ಉಳಿದ ಆಯಸ್ಸು ಉಳಿದವರಿಗಿಂತ 21.6 ವರ್ಷ ಕಡಿಮೆ, ಹೆಂಗಸರದ್ದು 17.4 ವರ್ಷ ಕಡಿಮೆ ಅಂತ 2011ರಲ್ಲಿ ಲೆಕ್ಕ ಹಾಕಲು ಸಾಧ್ಯವಾಯಿತು. ನಮ್ಮಲ್ಲಿ ಆಧಾರ್ ಇದೆಯಲ್ಲ ಅನ್ನಬೇಡಿ. ಬೀದಿಯಲ್ಲಿ ಇರುವವನ ಚೀಲ ಕಳವಾದರೆ ಮೊದಲು ಹೋಗುವುದು ಅದೇ ಕಾರ್ಡು. ಆಧಾರ್ ಇದ್ದವರನ್ನಷ್ಟೇ ಜೋಡಿಸಿದರೆ ಅತಿ ಕಷ್ಟದಲ್ಲಿರುವವರೇ ಲೆಕ್ಕದಿಂದ ಜಾರುತ್ತಾರೆ.

ಹಾಗಾದರೆ ಹೆಸರಿನಿಂದ ಜೋಡಿಸಬೇಕು. ಒಬ್ಬನೇ ಮನುಷ್ಯ ಒಂದು ಕಡೆ ಬಸಪ್ಪ, ಇನ್ನೊಂದು ಕಡೆ ಬಸವರಾಜ, ಮತ್ತೊಂದು ಕಡೆ ಬಸು. ನಮ್ಮಲ್ಲಿ ನಡುವೆ ತಂದೆಯ ಹೆಸರು, ಕೊನೆಗೆ ಅಡ್ಡಹೆಸರು. ಕೆಲವು ಕಚೇರಿ ಅಡ್ಡಹೆಸರನ್ನು ಮುಂದೆ ಬರೆಯುತ್ತವೆ, ಕೆಲವು ಬಿಟ್ಟೇಬಿಡುತ್ತವೆ. ಮದುವೆಯಾದ ಹೆಣ್ಣುಮಕ್ಕಳ ನಡುವಿನ ಹೆಸರು, ಅಡ್ಡಹೆಸರು ಎರಡೂ ಬದಲಾಗುತ್ತವೆ. ಬೆಳಗಾವಿಯಲ್ಲಂತೂ ಕನ್ನಡ, ಮರಾಠಿ, ಉರ್ದು ಮೂರೂ ಉಚ್ಚಾರಗಳನ್ನು ಇಂಗ್ಲಿಷಿನಲ್ಲಿ ಬರೆದಾಗ ಶೇಖ ಅನ್ನುವ ಒಂದೇ ಹೆಸರಿಗೆ ನಾಲ್ಕು ಕಾಗುಣಿತ. ಹುಟ್ಟಿದ ದಿನ ನೋಡೋಣ ಅಂದರೆ ಶಾಲೆಗೆ ಸೇರಿಸುವಾಗ ಮಾಸ್ತರರು ಬರೆದ ಜೂನ್ 1 ನಮ್ಮ ಭಾಗದ ಎಷ್ಟು ಜನರ ಹುಟ್ಟುಹಬ್ಬ ಅಂತ ನಿಮಗೇ ಗೊತ್ತು. ಶಾಲೆಗೇ ಹೋಗದವರ ವಯಸ್ಸು 40, 45, 50 ಅಂತ ಅಂದಾಜಿನ ಮೇಲೆ. ಊರಿನ ಹೆಸರೂ 2014ರ ನವೆಂಬರ್ 1ರಿಂದ ಬದಲಾಗಿದೆ. ಹಳೆಯ ಕಡತದ ಬಿಜಾಪುರ, ಹೊಸ ಕಡತದ ವಿಜಯಪುರ ಒಂದೇ ಅಂತ ಯಂತ್ರಕ್ಕೆ ಹೇಳಿಕೊಡಬೇಕು.

ಇದಕ್ಕೆ ಪರಿಹಾರ ಇದೆ. ಫೆಲ್ಲೆಗಿ, ಸಂಟರ್ ಎಂಬಿಬ್ಬರು 1969ರಲ್ಲಿ ಕೊಟ್ಟ ವಿಧಾನ ಈಗಲೂ ಬಳಕೆಯಲ್ಲಿದೆ. ಪ್ರತಿ ಹೋಲಿಕೆಗೂ ತೂಕ ಕೊಡುತ್ತಾರೆ. ಜೂನ್ 1 ಕೂಡಿಬಂದರೆ ತೂಕ ಕಡಿಮೆ, ಅಪರೂಪದ ಅಡ್ಡಹೆಸರು ಕೂಡಿಬಂದರೆ ತೂಕ ಹೆಚ್ಚು. ಮೊತ್ತ ಒಂದು ಮಟ್ಟ ಮೀರಿದರೆ ಒಬ್ಬನೇ, ಇನ್ನೊಂದು ಮಟ್ಟಕ್ಕಿಂತ ಇಳಿದರೆ ಬೇರೆ, ನಡುವೆ ಬಿದ್ದವನ್ನು ಮನುಷ್ಯ ಕೂತು ನೋಡಬೇಕು. ಆ ನೋಡುವವರು ಈ ಭಾಗದವರೇ ಆಗಿರಬೇಕು ಅನ್ನುವುದು ನನ್ನ ಒತ್ತಾಯ. ದೂರದೂರಿನ ಕಂಪನಿಯವರಿಗೆ ಬಸಪ್ಪ, ಬಸು ಒಬ್ಬನೇ ಇರಬಹುದು ಅಂತ ಹೊಳೆಯುವುದಿಲ್ಲ.

ಜೋಡಣೆಯಿಂದ ಇನ್ನೊಂದು ಲಾಭ. ಯಾರ ಪಟ್ಟಿಯಲ್ಲೂ ಇಲ್ಲದವರ ಅಂದಾಜೂ ಸಿಗುತ್ತದೆ. ಬರೀ ಉದಾಹರಣೆಗೆ: ತಂಗುದಾಣದ ಪಟ್ಟಿಯಲ್ಲಿ 120 ಮಂದಿ, ಆಸ್ಪತ್ರೆಯ ಪಟ್ಟಿಯಲ್ಲಿ 60 ಮಂದಿ, ಎರಡರಲ್ಲೂ ಇರುವವರು 20 ಅಂದುಕೊಳ್ಳಿ. ಆಸ್ಪತ್ರೆಗೆ ಬಂದವರಲ್ಲಿ ಮೂರನೇ ಒಂದು ಪಾಲು ತಂಗುದಾಣಕ್ಕೆ ಗೊತ್ತು. ಹಾಗಾದರೆ ಊರಿನ ಒಟ್ಟು ಲೆಕ್ಕದಲ್ಲೂ 120 ಅನ್ನುವುದು ಮೂರನೇ ಒಂದು ಪಾಲು ಇರಬೇಕು, ಒಟ್ಟು 360. ಎರಡೂ ಪಟ್ಟಿ ಕೂಡಿಸಿದರೂ ಸಿಗುವುದು 160 ಹೆಸರು, ಉಳಿದ 200 ಮಂದಿ ಎಲ್ಲೂ ದಾಖಲಾಗದವರು. ಆದರೆ ಇದಕ್ಕೊಂದು ಷರತ್ತಿದೆ. ಒಂದು ಪಟ್ಟಿಯಲ್ಲಿರುವುದು ಇನ್ನೊಂದಕ್ಕೆ ಸೇರಲು ಕಾರಣ ಆಗಬಾರದು. ಆಸ್ಪತ್ರೆಯವರೇ ತಂಗುದಾಣಕ್ಕೆ ಕಳಿಸುತ್ತಿದ್ದರೆ ಎರಡರಲ್ಲೂ ಇರುವವರು ಹೆಚ್ಚುತ್ತಾರೆ, ಅಂದಾಜು ನಿಜಕ್ಕಿಂತ ಕೆಳಗೆ ಬೀಳುತ್ತದೆ. ಮೂರನೇ ಪಟ್ಟಿ ಸೇರಿಸಿದರೆ ಅದನ್ನು ಸ್ವಲ್ಪ ಸರಿಪಡಿಸಬಹುದು.

ಘಟಪ್ರಭಾ ಬಲದಂಡೆ

ಹೊಳೆ ದಂಡೆಯವರನ್ನು ಯಾರೂ ನೆನೆಸಲಿಲ್ಲ. 2019ರ ಆಗಸ್ಟ್ ಮಹಾಪೂರದಲ್ಲಿ ಬೆಳಗಾವಿ, ಬಾಗಲಕೋಟೆ ಎರಡೂ ಜಿಲ್ಲೆಗಳಲ್ಲಿ ಮನೆಗಳು ಬಿದ್ದವು. ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಘೋಷಣೆ ಆಯಿತು, ಕಂತು ಕಂತಾಗಿ ಬಂತು. ಬಂದದ್ದು ಮನೆಯ ಮಾಲೀಕರಿಗೆ. ಅದೇ ಮನೆಯಲ್ಲಿ ಬಾಡಿಗೆಗೆ ಇದ್ದವರು? ಪೂರದ ಹೊತ್ತಿಗೆ ತೆರೆದ ಕಾಳಜಿ ಕೇಂದ್ರದ ಪುಸ್ತಕದಲ್ಲಿ ಅವರ ಹೆಸರಿತ್ತು, ಪರಿಹಾರದ ಪಟ್ಟಿಯಲ್ಲಿ ಇಲ್ಲ. ಆ ಎರಡು ಪಟ್ಟಿಗಳನ್ನು ಪಕ್ಕದಲ್ಲಿ ಇಟ್ಟು ನೋಡಿದರೆ ಸಾಕು, ಯಾರು ಜಾರಿದರು ಅಂತ ತಾನಾಗಿ ಗೊತ್ತಾಗುತ್ತದೆ. ಇದಕ್ಕೆ ದೊಡ್ಡ ತಂತ್ರಾಂಶವೂ ಬೇಡ.

ಮುಂದೆ ಇದು ಇನ್ನೂ ದೊಡ್ಡದಾಗಲಿದೆ. ಆಲಮಟ್ಟಿ ಮಟ್ಟ 519.6 ಮೀಟರಿನಿಂದ 524.256ಕ್ಕೆ ಏರಿದರೆ ಹೊಸದಾಗಿ ಮುಳುಗುವ ಊರುಗಳಿವೆ. ಆಸ್ತಿ ಇದ್ದವರಿಗೆ ಪರಿಹಾರದ ಕಡತ ಇರುತ್ತದೆ. ಆ ಊರಲ್ಲಿ ಕೂಲಿ ಮಾಡಿಕೊಂಡು ಇದ್ದವರ ಕಡತ ಈಗಲೇ ತೆರೆಯಬೇಕು.

ಬಸ್‌ಸ್ಟ್ಯಾಂಡ್ ಹಿಂದಿನ ಓಣಿ (ಬೆಳಗಾವಿ)

ತಂಗುದಾಣದಾಗ ರಾತ್ರಿ ಪಾಳಿ ನೋಡಿದಾಂವ ನಾನು. ಒಂದ ಮಾತು ತಿಳಕೋರಿ. ಬಾಗಿಲದಾಗ ಆಧಾರ್ ಕೇಳಿದ್ರ ಮಂದಿ ಹೊಳ್ಳಿ ಹೋಗ್ತಾರ. ಹೆಸರ ಕೇಳಿದ್ರ ಯಾವುದೋ ಒಂದ ಹೆಸರ ಹೇಳ್ತಾರ. ಊಟ, ಬಿಸಿನೀರು, ಚೀಲ ಇಡಾಕ ಬೀಗದ ಪೆಟ್ಟಿಗಿ ಇದ್ರ ಎರಡನೇ ವಾರಕ್ಕ ಖರೇ ಹೆಸರ ಹೇಳ್ತಾರ. ಸ್ಕಾಟ್ಲೆಂಡಿನಾಗ ಅರ್ಜಿ ಹಾಕಿದವಗ ಮನಿ ಕೊಡೂ ಹೊಣಿ ಕಾನೂನಿನಾಗ ಐತಿ ಅಂತ ಓದೇನಿ. ಅದಕ್ಕ ಅಲ್ಲಿ ಮಂದಿ ಬಂದು ಹೆಸರ ಬರಸ್ತಾರ. ಇಲ್ಲಿ ಬರಸಿದ್ರ ಏನ ಸಿಗತೈತಿ? ಮೊದಲ ಏನರ ಕೊಡ್ರಿ, ದಾಖಲೆ ತಾನ ಬರತೈತಿ.

ಡೋಣಿ ದಂಡಿ (ವಿಜಯಪುರ)

ಓಣಿಯವರ ಮಾತು ನೂರಕ್ಕ ನೂರು ಖರೆ. ಮಲಪ್ರಭಾ ಅವರು ಹಾಕಿದ ಷರತ್ತು ಕಾಗದದ ಮ್ಯಾಲ ಬಂದ್ರ ನಾನೂ ಸಹಿ ಮಾಡತೇನಿ. ಒಂದ ಸೇರಸ್ರಿ: ದಾಖಲೆ ಕೂಡಿಸಿದ್ದರಿಂದ ಯಾರದೂ ರೇಷನ್, ಪಿಂಚಣಿ ನಿಲ್ಲಬಾರದು ಅಂತ ಆದೇಶದಾಗ ಬರದಿರಬೇಕು. ಮಾತಿನಾಗ ಹೇಳಿದ್ರ ಸಾಲೂದಿಲ್ಲ. ಮತ್ತ ಕಬ್ಬಿನ ಹಂಗಾಮ ಬ್ಯಾರೆ ಎಣಸ್ರಿ. ಅಕ್ಟೋಬರ್ ಮುಗದ ಮ್ಯಾಲ ಮಹಾರಾಷ್ಟ್ರದ ಬೀಡ ಕಡಿಂದ ಕಬ್ಬ ಕಡ್ಯಾಕ ಬರೂ ಗ್ಯಾಂಗಿನವರು ಫ್ಯಾಕ್ಟರಿ ಬಾಜೂಕ ಗುಡಸಲ ಹಾಕ್ತಾರ, ಮಕ್ಕಳ ಸುದ್ದಾ ಇರತಾವ. ಅವರನ್ನ ಊರಿನ ಲೆಕ್ಕದಾಗ ಕಲಸಿದ್ರ ಮಾಸ್ತರ ಹೇಳಿದ ಅಂದಾಜು ಕೆಡತೈತಿ, ಅವರನ್ನ ಬಿಟ್ಟ್ರ ಆ ಮಕ್ಕಳ ಸಾಲಿ ಮಾತು ಯಾರೂ ಎತ್ತೂದಿಲ್ಲ.

ಮಲಪ್ರಭಾ (ಬೆಳಗಾವಿ)

ಮನವಿಯಲ್ಲಿ ಈಗ ಇಷ್ಟು ಬಂದಿದೆ. ಮೊದಲ ವರ್ಷ ಮೂರೇ ಪುಸ್ತಕ: ಆಸ್ಪತ್ರೆಯ ಒಳರೋಗಿ ದಾಖಲೆ, ತಂಗುದಾಣದ ಹಾಜರಿ, ಯುಡಿಆರ್ ಪೈಕಿ ವಾರಸುದಾರರಿಲ್ಲದ ಶವಗಳು. ಮೂರನೆಯದನ್ನು ನಾನು ಬಿಡುವುದಿಲ್ಲ. ಚಳಿಗೆ ಫುಟ್‌ಪಾತಿನಲ್ಲಿ ಸತ್ತವರು ಅದಕ್ಕೆ ಮುಂಚೆ ಯಾವ ಸರಕಾರಿ ಕಟ್ಟಡದಿಂದ ಹೊರಬಂದಿದ್ದರು ಅನ್ನುವುದು ಅಲ್ಲಿಂದ ಮಾತ್ರ ತಿಳಿಯಲು ಸಾಧ್ಯ. ಕಾರಾಗೃಹ, ಬಾಲಮಂದಿರ ಎರಡನೇ ವರ್ಷಕ್ಕೆ. ಕಾಳಜಿ ಕೇಂದ್ರದ ಪಟ್ಟಿ ಬೇರೆ ಕೆಲಸ, ಅದಕ್ಕೆ ಜಿಲ್ಲಾಡಳಿತಕ್ಕೆ ಪ್ರತ್ಯೇಕ ಪತ್ರ. ರೇಷನ್, ಪಿಂಚಣಿ ನಿಲ್ಲಬಾರದು ಅನ್ನುವ ಷರತ್ತು ಮೊದಲ ಪುಟದಲ್ಲೇ ಇದೆ.

ಖರ್ಚು ಎಲ್ಲಿಂದ ಅಂತ ಕೇಳಿಯೇ ಕೇಳುತ್ತಾರೆ. ಆಸ್ತಿ ತೆರಿಗೆಯ ಜೊತೆ ನಾವೆಲ್ಲ ಶೇ 3ರಷ್ಟು ಭಿಕ್ಷುಕರ ಕರ ಕಟ್ಟುತ್ತಿದ್ದೇವೆ, 1975ರ ಅದೇ ಕಾಯ್ದೆಯ ಪ್ರಕಾರ. ಆ ಹಣದ ಒಂದು ಸಣ್ಣ ಪಾಲು ತಂಗುದಾಣದ ಬಿಸಿನೀರಿಗೆ, ಬೀಗದ ಪೆಟ್ಟಿಗೆಗೆ, ಈ ಲೆಕ್ಕಕ್ಕೆ ಬರಲಿ ಅಂತ ಕೇಳುವ ಹಕ್ಕು ತೆರಿಗೆ ಕಟ್ಟುವ ಪ್ರತಿಯೊಬ್ಬರಿಗೂ ಇದೆ.

ವಾರ್ಡ್ ಅಕ್ಕ (ಬೆಳಗಾವಿ)

ಆಸ್ಪತ್ರೆ ಪುಸ್ತಕದಲ್ಲಿ ‘ಬಿಡುಗಡೆ ಆದ ಮೇಲೆ ಎಲ್ಲಿಗೆ’ ಅನ್ನೋ ಕಾಲಮ್ ಕೂಡಿಸಿ ಅಂತ ಒಂದು ಸಾಲು ಹಾಕ್ರಿ. ಸ್ವಂತ ಮನೆ, ಬಾಡಿಗೆ, ನೆಂಟರ ಮನೆ, ತಂಗುದಾಣ, ಎಲ್ಲೂ ಇಲ್ಲ – ಐದು ಆಯ್ಕೆ ಸಾಕು. ಬರೆಯೋಕೆ ಅರ್ಧ ನಿಮಿಷ ಬೇಕು. ಆ ಐದನೇದಕ್ಕೆ ಗುರುತು ಬಿತ್ತು ಅಂದ್ರೆ ಡಿಸ್ಚಾರ್ಜ್ ಮಾಡೋ ಮುಂಚೆ ನನಗೆ ಕರೆ ಬರಬೇಕು.

ಮಲಪ್ರಭಾ (ಬೆಳಗಾವಿ)

ಹಾಕಿದೆ ಅಕ್ಕಾರೇ. ಕರಡು ಇವತ್ತು ರಾತ್ರಿ ಇಲ್ಲೇ ಹಾಕುತ್ತೇನೆ. ಮರಾಠಿ ಮತ್ತು ಉರ್ದು ಪ್ರತಿ ಮಾಡಿಕೊಡುವವರು ಬೇಕು. ಚಳಿಗಾಲದ ಅಧಿವೇಶನಕ್ಕೆ ಶಾಸಕರು ಸುವರ್ಣ ವಿಧಾನಸೌಧಕ್ಕೆ ಬರುವ ಹೊತ್ತಿಗೆ ಮೂರೂ ಭಾಷೆಯಲ್ಲಿ ಕೈಯಲ್ಲಿರಬೇಕು.